ಝೂಲ ಹೊದ್ದ ಮೋಟಾರು

ಗೆಜ್ಜೆಯ ಸದ್ದು ಕೇಳಿದಾಗ ವೀರವ್ವ ಮಾಳಿಗೆಯ ಮೇಲೆ ಶಾವಿಗೆ ಒಣಹಾಕುತ್ತಿದ್ದಳು. ಹಿರೇಕೆರೂರಿನ ಆ ಓಣಿಗೆ ಗೆಜ್ಜೆ ಕಟ್ಟಿದ ಎತ್ತುಗಳು ಬರುವುದು ಹೊಸದೇನಲ್ಲ. ಆದರೆ ಇವತ್ತು ತಿಳವಳ್ಳಿಯ ಉಳವಪ್ಪ ಅವಳನ್ನು ನೋಡಲು ಬರುವವನಿದ್ದ, ಅದೂ ಸ್ವಂತ ಮೋಟಾರಿನಲ್ಲಿ ಬರುತ್ತೇನೆಂದು ಹೇಳಿ ಕಳಿಸಿದ್ದ. ಕೊನೆಗೆ ಬಂಡಿಯಲ್ಲೇ ಬಂದನೇನೋ ಎಂದು ಅವಳು ಇಣುಕಿ ನೋಡಿದಳು.

ಬಂದದ್ದು ಮೋಟಾರೇ. ಆದರೆ ಕಾರಹುಣ್ಣಿಮೆಯ ಎತ್ತಿನ ವೇಷದಲ್ಲಿ ಬಂದಿತ್ತು! ಉದ್ದನೆಯ ಮೂತಿಯ ಮೇಲೆ ಎತ್ತಿನ ಬೆನ್ನಿಗೆ ಹೊದಿಸುವ, ಕನ್ನಡಿ ಬಿಲ್ಲೆ ಹೊಲಿದ ಕೆಂಪು ಝೂಲ, ಎರಡೂ ದೀಪಗಳ ನೆತ್ತಿಗೆ ಕೊಂಬಿನ ತುದಿಗೆ ಹಾಕುವ ಹಿತ್ತಾಳೆಯ ಕೊಡಣಸು, ಮುಂದಿನ ಜಾಳಿಗೆಗೆ ಹಣೆಪಟ್ಟಿ, ಸುತ್ತ ಗೊಂಡೆ, ಗೊಂಡೆಯ ಕೆಳಗೆ ಗೆಜ್ಜೆಸರ. ಇದೆಲ್ಲದರ ನಡುವೆ ತಲೆಗೆ ಜರಿ ರುಮಾಲು ಸುತ್ತಿಕೊಂಡು, ಗೆದ್ದು ಬಂದ ಪೈಲ್ವಾನನ ಗತ್ತಿನಲ್ಲಿ ಉಳವಪ್ಪ ಕೂತಿದ್ದ.

ವೀರವ್ವ ಗೊಳ್ಳೆಂದು ನಕ್ಕಳು. ಅವನು ತಲೆ ಎತ್ತಿ ನೋಡಿದ. ತಾನು ನೋಡಲು ಬಂದ ಹೆಣ್ಣು ಬಾಯಿಗೆ ಸೆರಗು ಹಿಡಿದುಕೊಂಡು ಒಳಗೆ ಓಡಬೇಕಿತ್ತು. ಇವಳು ಓಡಲಿಲ್ಲ, ಕಣ್ಣನ್ನೂ ಕೀಳಲಿಲ್ಲ. ಕೊನೆಗೆ ಅವನೇ ರುಮಾಲು ಸರಿಪಡಿಸಿಕೊಳ್ಳುವ ನೆಪ ಮಾಡಿ ಕಣ್ಣು ತಗ್ಗಿಸಿದ.

ಅವರು ಪರಿಚಯವಿಲ್ಲದವರೇನಲ್ಲ. ಹೋದ ವರ್ಷ ಹಾನಗಲ್ಲಿನ ಒಂದು ಮದುವೆಯಲ್ಲಿ ತುಪ್ಪ ಬಡಿಸುತ್ತ ಬಂದವನು ಅವಳ ಎಲೆಯ ಮುಂದೆ ನಿಂತುಬಿಟ್ಟಿದ್ದ. ಅವಳು ಕೈ ಅಡ್ಡ ಹಿಡಿಯುವವರೆಗೂ ಸುರಿದಿದ್ದ.

“ಸಾಕು ಅನ್ನಾಕ ಬಾಯಿ ಇಲ್ಲೇನು?” ಎಂದು ಕೇಳಿದ್ದ.

“ಬಾಯಾಗ ಹೋಳಿಗಿ ಐತಲ್ರಿ,” ಎಂದಿದ್ದಳು. ಮನಸ್ಸು ಅವತ್ತೇ ತಿಳವಳ್ಳಿಯ ದಾರಿ ಹಿಡಿದಿತ್ತು.

ಈಗ ಅಡ್ಡ ಬಂದದ್ದು ಅಪ್ಪನ ಮೋಟಾರಿನ ಹುಚ್ಚು. ಮಹಾಲಿಂಗಪ್ಪ ಜಮೀನಿರುವ ಮನುಷ್ಯ, ಮಾತಿಗೆ ಗಟ್ಟಿ, ಹೊಳೆಯುವ ವಸ್ತುವಿನ ಮುಂದೆ ಮಾತ್ರ ಮೆತ್ತಗೆ. ಹೋದ ವಾರ ಶಿಗ್ಗಾಂವಿಯ ಕಾಳಿನ ವ್ಯಾಪಾರಿ ಕುಬೇರಪ್ಪ ಹೊಚ್ಚ ಹೊಸ ಮೋಟಾರಿನಲ್ಲಿ ಹೆಣ್ಣು ನೋಡಲು ಬಂದು ಹೋಗಿದ್ದ. “ಅದರಾಗ ಮಾರಿ ನೋಡ್ಕೊಂಡ ಮೀಸಿ ತಿರುವಬಹುದು,” ಎಂದು ಅಪ್ಪ ಇನ್ನೂ ಅದೇ ಮಾತಿನಲ್ಲಿದ್ದ. ನಾಳೆ ಶಿಗ್ಗಾಂವಿಗೆ ಮಾತು ಕೊಡುವವನು. ಉಳವಪ್ಪ ಗೆಲ್ಲಬೇಕಾದರೆ ಇವತ್ತೇ ಗೆಲ್ಲಬೇಕು.

ಅವ್ವ ಹಾಲವ್ವ ತಂಬಿಗೆ ನೀರು ಹಿಡಿದು ಹೊರಗೆ ಬಂದಳು. ಮನೆಗೆ ಬಂದ ಎತ್ತಿನ ಕಾಲಿಗೆ ನೀರು ಹಾಕುವುದು ಅವಳ ರೂಢಿ. ಝೂಲ, ಗೊಂಡೆ ನೋಡಿದವಳೇ ಹಿಂದುಮುಂದು ನೋಡದೆ ಮೋಟಾರಿನ ಮುಂದಿನ ಎರಡೂ ಗಾಲಿಗಳಿಗೆ ನೀರು ಸುರಿದು ಕೈ ಮುಗಿದಳು. ಆಮೇಲೆ ನಾಚಿಕೊಂಡು, “ಅಯ್ಯ, ಇವರ ಮಧ್ಯಾಹ್ನದ ನಿದ್ದಿ ಇನ್ನೂ ಮುಗದಿಲ್ಲ, ಎಬ್ಬಸ್ತೇನಿ,” ಎಂದು ಒಳಗೆ ಹೋದಳು.

ಇಷ್ಟೇ ಸಂದು ವೀರವ್ವನಿಗೆ ಸಾಕಾಯಿತು. ಬೆಲ್ಲ, ನೀರು ಹಿಡಿದು ಇಳಿದು ಬಂದಳು.

“ಎತ್ತಿಗೆ ಮೇವು ಏನ ಹಾಕ್ಲಿರಿ?”

“ನಗಬ್ಯಾಡ ವೀರವ್ವ,” ಎಂದ ಉಳವಪ್ಪ. ಗತ್ತು ಅರ್ಧ ಇಳಿದಿತ್ತು. “ಇದು ಹಳೇ ಗಾಡಿ. ಸವಣೂರಾಗ ಒಬ್ಬ ಇನಾಂದಾರ ಮಾರಾಕತ್ತಿದ್ದ. ಒಂದು ಜೋಡಿ ಎತ್ತಿನ ರೊಕ್ಕದಾಗ ಸಿಕ್ತು. ಇದು ಖಾನದಾನಿ ಗಾಡಿ, ದೊಡ್ಡ ಮನಿತನದ್ದು, ಸಂಭಾಳಿಸಿ ಇಟ್ಕೋ ಅಂದ. ಆದ್ರ ಬಣ್ಣ ಮಾಸೇತಿ. ನಿಮ್ಮಪ್ಪ ಹೊಸಾದ್ರ ರುಚಿ ನೋಡ್ಯಾನಂತ ಸುದ್ದಿ ಬಂತು. ಅದಕ್ಕ ಮುಚ್ಕೊಂಡ ಬಂದೆ.”

“ಬಿಚ್ಚರಿ.”

“ಬಿಚ್ಚಿದ್ರ ನನ್ನ ಕತಿ ಮುಗೀತು.”

“ಮುಚ್ಚಿದ್ರ ಈಗ ಮುಗೀತೈತಿ,” ಎಂದವಳೇ ಝೂಲದ ಗಂಟಿಗೆ ಕೈ ಹಾಕಿದಳು. ಅವನು ತಡೆಯಲು ಬಂದ, ಬೆರಳಿಗೆ ಬೆರಳು ತಾಗಿತು. ಇಬ್ಬರೂ ಒಂದು ಕ್ಷಣ ಗಂಟನ್ನು ಮರೆತರು. ಆಮೇಲೆ ಅವನೇ ಝೂಲ, ಗೊಂಡೆ, ಗೆಜ್ಜೆಸರ ಎಲ್ಲ ಬಿಚ್ಚತೊಡಗಿದ.

ಒಳಗಿನಿಂದ ಕಡುಹಸಿರು ಮೋಟಾರು ಹೊರಬಂತು. ಬಣ್ಣ ಮಾಸಿತ್ತು ನಿಜ. ಆದರೆ ಎಲ್ಲೂ ತಗ್ಗಿಲ್ಲ, ತುಕ್ಕಿಲ್ಲ. ಬಾಗಿಲ ಹಿಡಿ ಕೈ ತಾಗಿ ತಾಗಿ ನುಣ್ಣಗಾಗಿತ್ತು. ಹರಿದ ಚರ್ಮದ ಸೀಟನ್ನು ಅದೇ ಬಣ್ಣದ ಚರ್ಮ ಹಾಕಿ ಸಣ್ಣ ಹೊಲಿಗೆಯಲ್ಲಿ ಹೊಲಿದಿದ್ದರು. ಹೊಲಿದದ್ದು ಯಾರೆಂದು ಅವಳು ಕೇಳಿದಳು. “ನಾನ,” ಎಂದು ಅವನು ಸೂಜಿ ಚುಚ್ಚಿದ ಹೆಬ್ಬೆರಳು ತೋರಿಸಿದ. ಆ ಹೆಬ್ಬೆರಳನ್ನು ಅವಳು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

“ಚಾಲೂ ಮಾಡ್ರಿ, ಸಪ್ಪಳ ಕೇಳೋಣು.”

“ಚಾಲೂನ ಐತಿ.”

ವೀರವ್ವ ಬೆರಗಾಗಿ ಮೋಟಾರಿನ ಮೂತಿಯ ಮೇಲೆ ಅಂಗೈ ಇಟ್ಟಳು. ಒಳಗೆ ಮೆಲ್ಲಗೆ ಮಿಡಿಯುತ್ತಿತ್ತು. “ಇಷ್ಟ ಮೆತ್ತಗ ಇರೋದಕ್ಕ ಗೆಜ್ಜಿ ಕಟ್ಟಿ ಗದ್ದಲಾ ಎಬ್ಬಿಸೀರಲ್ರಿ! ಇದರ ದೊಡ್ಡಸ್ತಿಕಿನ ನೀವು ಮುಚ್ಚಿಟ್ಟಿದ್ರಿ.”

ಅಷ್ಟರಲ್ಲಿ ಮಹಾಲಿಂಗಪ್ಪ ಕಣ್ಣುಜ್ಜುತ್ತ ಬಂದ. ಮೋಟಾರಿನ ಸುತ್ತ ಒಂದು ಸುತ್ತು ಹಾಕಿದ. ಮುಖ ನೋಡಿಕೊಳ್ಳಲು ಬಗ್ಗಿದ, ಕಾಣಲಿಲ್ಲ.

“ತಮ್ಮಾ, ಇದು ಹಳೇದಲ್ಲೋ?”

ಉಳವಪ್ಪ ವೀರವ್ವನತ್ತ ನೋಡಿದ. ಅವಳ ಕೈಯಲ್ಲಿ ಝೂಲವಿತ್ತು, ಮುಖದಲ್ಲಿ ಧೈರ್ಯವಿತ್ತು. “ಹೌದ್ರಿ ಯಜಮಾನ್ರ. ಹಳೇದ. ನಾಚಿಕಿಗೆ ಮುಚ್ಕೊಂಡ ತಂದಿದ್ದೆ. ಈಗ ನಾಚಿಕಿ ಇಲ್ಲ.”

“ಅಪ್ಪಾ, ಹತ್ತಿ ಕುಂತ ನೋಡು. ಆಮ್ಯಾಗ ಮಾತಾಡು,” ಎಂದಳು ಮಗಳು.

ಅಪ್ಪ ಮುಂದೆ, ಅವ್ವ ಮಗಳು ಹಿಂದೆ ಕೂತರು. ಕೆರೆ ಏರಿಯ ದಾರಿಯಲ್ಲಿ ಮೋಟಾರು ಸದ್ದಿಲ್ಲದೆ ಸಾಗಿತು. ಎದುರಿಗೆ ಹುಲ್ಲಿನ ಹೊರೆ ಹೊತ್ತ ಹೆಂಗಸರ ಸಾಲು ಬಂತು, ಮುಂದೆ ಪಕ್ಕದ ಓಣಿಯ ತಿಪ್ಪವ್ವ. ಉಳವಪ್ಪ ವೇಗ ಇಳಿಸಿ ಎತ್ತಿನ ನಡಿಗೆಗೆ ತಂದ.

“ಹಾರ್ನ್ ಹೊಡದ ದಾಟು,” ಎಂದ ಮಹಾಲಿಂಗಪ್ಪ.

“ಧೂಳ ಏಳತೈತ್ರಿ. ಅವರ ಎರಡೂ ಕೈ ಹೊರಿಗೆ ಹತ್ಯಾವು. ಮಾರಿಗೆ ಸೆರಗ ಯಾವ ಕೈಲೆ ಹಿಡೀಬೇಕ್ರಿ?”

ತಿಪ್ಪವ್ವ ಹೊರೆಯ ಕೆಳಗಿನಿಂದಲೇ ಕೂಗಿದಳು: “ಹೋದ ವಾರದ ಮೋಟಾರ ಧೂಳಾ ಉಣಸಿ ಹೋತ್ರಿ ಗೌಡ್ರ. ಇದು ಯಾರ ಮನಿದು, ಚಲೋ ಐತಲ್ಲ?”

“ನನ್ನ ಕೆಂಪ ಮೆಣಸಿನಕಾಯಿ ಹಾಸಿದ್ದರ ಮ್ಯಾಲೂ ಹಾಯ್ದ ಹೋಗಿತ್ತು,” ಎಂದು ಹಾಲವ್ವ ಹಿಂದಿನಿಂದ ಸೇರಿಸಿದಳು. “ನೀವು ಮೀಸಿ ನೋಡ್ಕೊಳ್ಳಾಕತ್ತಿದ್ರಿ, ಅದಕ್ಕ ಹೇಳಲಿಲ್ಲ.”

ಮಹಾಲಿಂಗಪ್ಪ ತಿರುಗಿ ಬಂದು ಮನೆಯ ಮುಂದೆ ಇಳಿದು ಬಾಗಿಲು ಹಾಕಿದ. ಅದು ತಿಜೋರಿಯ ಬಾಗಿಲಿನ ಹಾಗೆ ಮೆತ್ತಗೆ, ಭದ್ರವಾಗಿ ಕೂತುಕೊಂಡಿತು. ಮತ್ತೆ ತೆಗೆದ, ಮತ್ತೆ ಹಾಕಿದ. ಮುಖ ಅರಳಿತು.

“ಖಾನದಾನಿ ಐತಿ,” ಎಂದ. ಮೋಟಾರಿಗೆ ಹೇಳಿದನೋ ಹುಡುಗನಿಗೋ, ಎರಡಕ್ಕೂ ಸಲ್ಲುತ್ತಿತ್ತು. “ಹಾಲವ್ವ, ಸಕ್ಕರಿ ತಾ. ಶಿಗ್ಗಾಂವಿಗೆ ಬ್ಯಾರೆ ಮಾತು ಹೇಳಿ ಕಳಸ್ತೇನಿ.”

ಹೊರಡುವ ಹೊತ್ತಿಗೆ ಉಳವಪ್ಪ ಝೂಲ ಕೇಳಿದ. ವೀರವ್ವ ಕೊಡಲಿಲ್ಲ. “ಎತ್ತಿಗೆ ನಾನ ಬಂದು ಹೊದಸ್ತೇನಿ,” ಎಂದಳು. ಅವನ ಕಿವಿ ಕೆಂಪಾಯಿತು.

“ಹಾನಗಲ್ಲಾಗ ತುಪ್ಪಾ ಸುರಿದ ದಿನಾನ ಕೇಳಬೇಕಿತ್ತು. ನನಗ ನೀ ಬೇಕು, ವೀರವ್ವ,” ಎಂದ.

“ನನಗೂ ನೀವ ಬೇಕ್ರಿ. ಅದಕ್ಕ ಕೈ ಅಷ್ಟ ತಡಾ ಮಾಡಿ ಅಡ್ಡ ಹಿಡದಿದ್ದು.”

ಆಮೇಲೆ ಅವಳು ಗೆಜ್ಜೆಸರದಿಂದ ಒಂದೇ ಗೆಜ್ಜೆ ಬಿಡಿಸಿದಳು. ಬಗ್ಗಿ, ಮೋಟಾರಿನ ಮುಂದಿನ ಅಡ್ಡಪಟ್ಟಿಯ ಕೆಳಗೆ ಯಾರಿಗೂ ಕಾಣದ ಹಾಗೆ ಕಟ್ಟಿದಳು.

“ಮತ್ತ ಗೆಜ್ಜಿ ಯಾಕ? ಗದ್ದಲಾ ಬ್ಯಾಡ ಅಂದಿದ್ದಿ,” ಎಂದ ಉಳವಪ್ಪ.

“ಊರಿಗೆ ಬ್ಯಾಡ್ರಿ. ನೀವು ಬಂದದ್ದು ನನಗರೆ ಗೊತ್ತಾಗಬೇಕಲ್ಲ.”