ಹೋಗೂ ಬರ್ತೇನಿ, ಬರೂ ಬರ್ತೇನಿ

"ಉತಾರೋ ಇಸೇ! ಅಭೀ ಉತಾರೋ!"

ಹಡಗಿನ ಹನ್ನೊಂದನೇ ಡೆಕ್ಕಿನಲ್ಲಿ ಏಣಿ ಹತ್ತಿ ನಿಂತಿದ್ದ ರೂಪಾ ತಿರುಗಿ ನೋಡಿದಳು. ಕೆಳಗೆ ಬಿಳಿ ಸಮವಸ್ತ್ರದ ಒಬ್ಬ ಗಂಡಸು. ಕೈಯಲ್ಲಿ ವಾಕಿಟಾಕಿ, ಗದ್ದದ ತುದಿಗೆ ಮಾತ್ರ ಗಡ್ಡ. ಅವನ ಬೆರಳು ಅವಳು ಆಗಷ್ಟೇ ಕಟ್ಟಿದ ಕನ್ನಡಿ ಕಸೂತಿಯ ತೋರಣದ ಕಡೆಗಿತ್ತು.

ಇವತ್ತಿನ ಪಾರ್ಟಿಗೆ ಬಿಳಿ ಮತ್ತು ನೀಲಿ ಬಣ್ಣ ಮಾತ್ರ, ಈ ಕೆಂಪು, ಹಳದಿ, ಕನ್ನಡಿ ಎಲ್ಲ ಯಾರನ್ನು ಕೇಳಿ ಕಟ್ಟಿದ್ದು ಎಂದು ಅವನು ಹಿಂದಿಯಲ್ಲೇ ಗದರಿಸುತ್ತಿದ್ದ.

ರೂಪಾಳಿಗೆ ಮೈಯೆಲ್ಲ ಉರಿಯಿತು. ಆ ತೋರಣ ಅವಳ ತಾಯಿ ಹೇಮಿಬಾಯಿ ಮೂರು ತಿಂಗಳು ಕೂತು ಹೊಲಿದದ್ದು! ಸಡಾದ ಗುಡ್ಡದ ಮೇಲಿನ ಸಣ್ಣ ಮನೆಯಲ್ಲಿ, ಕೋಲ್ವಾ ಬೀಚಿನಲ್ಲಿ ಇಡೀ ದಿನ ಸರ ಮಾರಿ ಬಂದ ಮೇಲೆ, ಒಂದೊಂದೇ ಕನ್ನಡಿ ಹಚ್ಚಿ ಮಾಡಿದ್ದು.

ಅವಳು ಗಂಟನ್ನು ಇನ್ನಷ್ಟು ಬಿಗಿದು ಕನ್ನಡದಲ್ಲಿ ಗೊಣಗಿದಳು. "ಬಂದಾ ನೋಡು ಹೋತಿನ ಗಡ್ಡದಂವಾ, ನನಗ ಬಣ್ಣದ ಪಾಠ ಹೇಳಾಕ! ತೆಗಿಯೂದಿಲ್ಲ. ಏನ್ ಮಾಡ್ಕೋತಿ ಮಾಡ್ಕೋ."

ಕೆಳಗಿನಿಂದ ಅಚ್ಚ ಬೆಳಗಾವಿ ಕನ್ನಡ ಮೇಲೆ ಬಂತು.

"ಗಡ್ಡಾ ನಾಳೆ ತೆಗಸ್ತೇನ್ರಿ. ಈ ತೋರಣಾ ಹೊಲದವರು ಯಾರು, ಅಷ್ಟ ಹೇಳ್ರಿ."

ಅಯ್ಯೋ ದೇವರೇ! ರೂಪಾಳ ಕಾಲು ಜಾರಿತು. ಅವನು ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನಮ್ಮ ಯಾಡಿ... ನಮ್ಮವ್ವ," ಎಂದಳು. ಮುಖ ಕೆಂಪಾಗಿದ್ದರೂ ದನಿ ಮಾತ್ರ ಇಳಿಯಲಿಲ್ಲ. "ಬೇಕಾದ್ರ ನನ್ನ ತೆಗಸ್ರಿ. ಇದನ್ನ ತೆಗಿಯೂದಿಲ್ಲ."

ಅವನು ಕತ್ತೆತ್ತಿ ತೋರಣವನ್ನು ನೋಡಿದ. ಅಷ್ಟೂ ಕನ್ನಡಿಗಳಲ್ಲಿ ಸಮುದ್ರ ಕುಣಿಯುತ್ತಿತ್ತು.

"ಇರ್ಲಿ ಬಿಡ್ರಿ," ಎಂದ. "ಮ್ಯಾಲಿನವರು ಕೇಳಿದ್ರ ನಾ ಹೇಳ್ತೇನಿ. ನನ್ನ ಹೆಸರು ಓಂಕಾರ್."

ಜಗಳದಲ್ಲಿ ಶುರುವಾದದ್ದು ಜಗಳದಲ್ಲೇ ನಿಲ್ಲಬೇಕೆಂದು ಎಲ್ಲಿ ಬರೆದಿದೆ ಹೇಳಿ!

ಆ ಹಡಗು ಶುಕ್ರವಾರ ಬೆಳಿಗ್ಗೆ ಮುರ್ಮುಗಾಂವ್ ಬಂದರಿಗೆ ಬಂದು ಸಂಜೆ ಐದಕ್ಕೆ ಮುಂಬೈಗೆ ಹೊರಡುತ್ತಿತ್ತು. ಮರುದಿನ ಮುಂಬೈ ಮುಟ್ಟಿದರೆ ಎರಡು ದಿನ ಅಲ್ಲೇ ನಿಲ್ಲುತ್ತಿತ್ತು, ಸಿಬ್ಬಂದಿಗೆ ರಜೆ. ಹೊರಡುವ ಹೊತ್ತಿಗೆ ಹನ್ನೊಂದನೇ ಡೆಕ್ಕಿನಲ್ಲಿ ಅತಿಥಿಗಳಿಗಷ್ಟೇ ಮೀಸಲಾದ ವಿದಾಯದ ಪಾರ್ಟಿ. ಕೈಗೆ ಬಂಗಾರ ಬಣ್ಣದ ಪಟ್ಟಿ ಕಟ್ಟಿದವರಿಗೆ ಮಾತ್ರ ಪ್ರವೇಶ. ಅದನ್ನು ಮೈಕು ಹಿಡಿದು ನಡೆಸುವವನು ಓಂಕಾರ್. ಅಲಂಕಾರ ಮಾಡುವವಳು ರೂಪಾ. ಆದರೆ ದಂಡೆಯ ಕೆಲಸದವರು ನಾಲ್ಕೂವರೆಗೆ ಇಳಿದುಬಿಡಬೇಕು. ತಾನು ಕಟ್ಟಿದ ಪಾರ್ಟಿಯನ್ನು ರೂಪಾ ಎಂದೂ ಕಂಡವಳೇ ಅಲ್ಲ. ಕೆಳಗೆ ದಕ್ಕೆಯ ಮೇಲೆ ನಿಂತು ಹಾಡು ಕೇಳಿದ್ದೇ ಬಂತು.

ಮುಂದಿನ ಶುಕ್ರವಾರ ಓಂಕಾರ್ ಗಡ್ಡ ಬೋಳಿಸಿಕೊಂಡು ಬಂದಿದ್ದ!

"ಏನ್ರಿ ಇದು, ಖರೇನ ತೆಗಸೀರಲ್ಲ?"

"ನೀವು ತೋರಣಾ ತೆಗೀಲಿಲ್ಲ. ಯಾರಾರೆ ಒಬ್ರು ತೆಗೀಬೇಕಲ್ರಿ?"

ನಗಬಾರದೆಂದು ಎಷ್ಟು ತುಟಿ ಕಚ್ಚಿದರೂ ರೂಪಾ ನಕ್ಕೇಬಿಟ್ಟಳು. ಮುಗಿಯಿತು, ಅಲ್ಲಿಗೆ ಅವಳ ಕಥೆ.

ಎಂಟು ಶುಕ್ರವಾರಗಳು ಕಳೆದವು. ಬಲೂನು ಕಟ್ಟುತ್ತ, ದೀಪದ ಸರ ಬಿಡಿಸುತ್ತ ಇಬ್ಬರೂ ಮಾತಾಡಿದ್ದೇ ಮಾತಾಡಿದ್ದು. ಬಾಯ್ನಾ ಬೀಚಿನಲ್ಲಿದ್ದ ಮನೆಯನ್ನು ಸರ್ಕಾರದವರು ಕೆಡವಿದಾಗ ತನಗೆ ನಾಲ್ಕು ವರ್ಷ, ಯಾಡಿ ಒಂದು ಕೈಯಲ್ಲಿ ತನ್ನನ್ನೂ ಇನ್ನೊಂದರಲ್ಲಿ ಹೊಲಿಗೆಯ ಗಂಟನ್ನೂ ಹಿಡಿದು ಹೊರಗೆ ಬಂದಿದ್ದಳು ಎಂದು ರೂಪಾ ಹೇಳಿದ್ದಳು. ಅವನು ಅಯ್ಯೋ ಪಾಪ ಅನ್ನಲಿಲ್ಲ. "ಆ ಗಂಟು ಇಲ್ಲಾಂದ್ರ ಈ ತೋರಣಾ ಇರ್ತಿದ್ದಿಲ್ಲ," ಎಂದಿದ್ದ. ಆ ಮಾತಿಗೇ ಅವಳ ಕಣ್ಣು ತುಂಬಿತ್ತು.

ಪ್ರತಿ ಸಲ ಅವಳು ಇಳಿಯುವಾಗ ಅವನು ಮೆಟ್ಟಿಲ ತನಕ ಬಂದು, "ಬರ್ತೇನ್ರಿ," ಅನ್ನುತ್ತಿದ್ದ.

"ಬರ್ರಿ," ಅನ್ನುತ್ತಿದ್ದಳು.

ನಮ್ಮವರಲ್ಲಿ ಹೊರಡುವವರು ಹೋಗ್ತೇನಿ ಅನ್ನುತ್ತಾರೆಯೇ? ಬಿಡ್ತು ಅನ್ನಿ! ಹೋಗುವಾಗಲೂ ನಾವು 'ಬರ್ತೇನಿ' ಎಂದೇ ಹೇಳುವವರು. ಈ ಒಳ್ಳೆಯ ಮಾತೇ ಅವರಿಬ್ಬರ ನಡುವೆ ಬೆಂಕಿ ಹಚ್ಚುತ್ತದೆ ಎಂದು ಯಾರಿಗೆ ಗೊತ್ತಿತ್ತು!

ಒಂಬತ್ತನೇ ಶುಕ್ರವಾರ. ಮಳೆಗಾಲಕ್ಕೆ ಹಡಗು ನಿಲ್ಲಲು ಇನ್ನೊಂದೇ ವಾರವಿತ್ತು. ಇಳಿಯುವ ಮೆಟ್ಟಿಲ ಬಳಿ ಓಂಕಾರ್ ಜೇಬಿನಿಂದ ಬಂಗಾರದ ಪಟ್ಟಿಯೊಂದನ್ನು ತೆಗೆದ.

"ಮುಂದಿನ ವಾರ ಕಡೀ ಪಾರ್ಟಿ. ನೀವೂ ಮುಂಬೈ ತನಕಾ ಬರ್ರಿ. ಸಿಬ್ಬಂದಿಯ ಮನಿಯವರಿಗೆ ಒಂದು ಪಾಸ್ ಇರ್ತೈತಿ."

"ಮನಿಯವರಿಗೆ?" ರೂಪಾ ಅವನನ್ನೇ ದಿಟ್ಟಿಸಿದಳು. "ನಾ ಯಾವಾಗ ನಿಮ್ಮ ಮನಿಯಾಕಿ ಆದ್ನಿ?"

"ಆಗ್ರಿ," ಎಂದ. ಅಷ್ಟೇ.

ಕೈ ಚಾಚಬೇಕು ಅನ್ನಿಸಿತು. ಚಾಚಲಿಲ್ಲ. 'ಇಲ್ಲ... ಹಿಂಗಲ್ಲ. ಕದ್ದುಮುಚ್ಚಿ ಅಲ್ಲ,' ಎಂದಿತು ಅವಳ ಮನಸ್ಸು.

"ನಿಮ್ಮ ಪಾರ್ಟಿಗೆ ನಾ ಅತಿಥಿಯಾಗಿ ಬರಬೇಕಂದ್ರ, ಮೊದಲ ನೀವು ನಮ್ಮನಿಗೆ ಅತಿಥಿಯಾಗಿ ಬರಬೇಕು. ಸಡಾಕ್ಕ. ನಿಮ್ಮವ್ವನ್ನ ಕರಕೊಂಡು. ನಮ್ಮ ಯಾಡಿ ಮುಂದ ನೆಲದ ಮ್ಯಾಲೆ ಕುಂತು ಕೇಳ್ರಿ. ಹೇಮಿಬಾಯಿ ಮನಿ ಅಂದ್ರ ಯಾರ ಬೇಕಾದ್ರೂ ತೋರಸ್ತಾರ. ಬರ್ತೀರೋ ಇಲ್ಲೋ?"

ಅದೇ ಕ್ಷಣಕ್ಕೆ ಹಡಗಿನ ಭೋಂಗಾ ಕೂಗಿತು. ಅವನು ಏನೇನೋ ಹೇಳಿದ. ಒಂದೂ ಕೇಳಿಸಲಿಲ್ಲ. ವಾಕಿಟಾಕಿಯಲ್ಲಿ ಯಾರೋ ಅವನ ಹೆಸರು ಕೂಗುತ್ತಿದ್ದರು. ಓಡುತ್ತ ತಿರುಗಿ ಅವನು ಕೂಗಿದ್ದು ಒಂದೇ ಮಾತು ಕಿವಿಗೆ ಬಿತ್ತು.

"ಬರ್ತೇನ್ರಿ!"

ರೂಪಾ ದಕ್ಕೆಗೆ ಇಳಿದಳು. 'ಬರ್ತೇನ್ರಿ... ದಿನಾ ಹೇಳೂ ಹಂಗ! ನನ್ನ ಜೀವಾ ಬಾಯಿಗೆ ಬಂದು ಕೇಳಿದ್ರ, ಟಾಟಾ ಹೇಳಿದಂಗ ಹೇಳಿ ಹೋದನಲ್ಲ! ಸಡಾ ಅಂದಕೂಡಲೇ ಓಡಿಹೋದನಲ್ಲ!'

ಸಿಟ್ಟು ಅವಳ ಮೂಗಿನ ತುದಿಯಲ್ಲೇ ಇರುವಂಥದ್ದು. ಮನೆ ಮುಟ್ಟುವ ಮೊದಲೇ ಅವನ ನಂಬರನ್ನು ಬ್ಲಾಕ್ ಮಾಡಿಬಿಟ್ಟಳು. ಆಮೇಲೆ ನೀರು ಕಾಯಿಸುವ ಒಲೆಯ ಮುಂದೆ ಕೂತು, ಹೊಗೆಯ ನೆಪ ಹೇಳಿ ಅತ್ತಳು. ಹೇಮಿಬಾಯಿ ತಲೆ ಸವರಿದಳು. ಆಗ ಇನ್ನೂ ಜಾಸ್ತಿ ಅಳು ಬಂತು.

ವಾರ ಕಳೆಯಿತು. ಕಡೆಯ ಶುಕ್ರವಾರ ರೂಪಾ ಕೆಲಸಕ್ಕೆ ಹೋಗಲಿಲ್ಲ. ನಾಲ್ಕೂವರೆಗೆ ಬಂದರಿನ ಕಾವಲುಗಾರ ಪರಮೇಶಪ್ಪನ ಫೋನು ಬಂತು. ಅವನೂ ಸಡಾದವನೇ.

"ಯಾಕವಾ ರೂಪಾ, ಬರಲಿಲ್ಲ? ಓಂಕಾರ್ ಸಾಹೇಬ್ರು ಮುಂಬೈದಾಗ ಇಳದು ದುಬೈ ಹಡಗು ಹತ್ತತಾರಂತ. ಒಂಬತ್ತ ತಿಂಗಳ ಕರಾರು. ನಾಳೆ ಸಹಿ ಅಂತ."

"ಹತ್ತಲಿ ಬಿಡ್ರಿ ಮಾಮಾ! ನನಗೇನು?"

ಫೋನು ಇಟ್ಟಳು. ನನಗೇನು ಅಂದವಳೇ ಗಡಿಯಾರ ನೋಡಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಮಕ್ತುಮಬಿ ಬಂದು ಕಟ್ಟೆಯ ಮೇಲೆ ಕೂತಳು. ಬಾಯ್ನಾದಲ್ಲೂ ಇವರ ಪಕ್ಕದಲ್ಲೇ ಇದ್ದ ಮುದುಕಿ. ಕಳೆದ ಭಾನುವಾರ ಸಂಜೆ ಮಗಳ ಬಾಣಂತನಕ್ಕೆ ವಾಸ್ಕೋಗೆ ಹೋದವಳು ಈಗಷ್ಟೇ ವಾಪಸಾಗಿದ್ದಳು.

"ಹೇಮಿ, ಹೇಳೂದ ಮರ್ತಿದ್ದೆ ನೋಡು. ಐತವಾರ ನೀವಿಬ್ರೂ ಬೀಚಿಗೆ ಹೋದಾಗ ಆಫೀಸಿನವರು ಬಂದಿದ್ರು. ಹೇಮಿಬಾಯಿ ಮನಿ ಯಾವುದು ಅಂತ ಕೇಳಿದ್ರು. ನಾ ಬಿಡ್ತೇನೇನು? ಅಂಥವರು ಯಾರೂ ಇಲ್ಲಿಲ್ಲ ಅಂತ ಹೇಳಿ ಕಳಿಸಿದೆ!"

ಹೇಮಿಬಾಯಿ ಸಮಾಧಾನದಿಂದ ತಲೆಯಾಡಿಸಿದಳು. ಬಾಯ್ನಾದಿಂದ ಬಂದವರ ಪದ್ಧತಿಯೇ ಅದು. ಇಸ್ತ್ರಿ ಬಟ್ಟೆಯವರು ಯಾರ ಮನೆ ಕೇಳಿದರೂ ಗೊತ್ತಿಲ್ಲ ಅನ್ನಬೇಕು. ಒಮ್ಮೆ ಹೀಗೆ ಹೆಸರು ಕೇಳಿಕೊಂಡು ಹೋದವರ ಹಿಂದೆಯೇ ಜೆಸಿಬಿ ಬಂದಿತ್ತಲ್ಲ!

"ಎಷ್ಟ ಮಂದಿ ಬಂದಿದ್ರು ಖಾಲಾ?" ರೂಪಾ ಸುಮ್ಮನೆ ಕೇಳಿದಳು.

"ಇಬ್ರ. ಒಬ್ಬಾಂವ ಹುಡುಗಾ, ಚಂದ ಇದ್ದ. ಜೋಡಿ ಒಬ್ಬಾಕಿ ಹೆಣಮಗಳು, ಇಳಕಲ್ ಸೀರಿ. ಭಾಳ ಹೊತ್ತ ಬಿಸಲಾಗ ನಿಂತಿದ್ರು. ಆಕಿ ಕೈಯಾಗ ಕುಂದಾದ ಡಬ್ಬಿ, ತೆಂಗಿನಕಾಯಿ, ಕುಬಸದ ಖಣಾ..."

"ಖಾಲಾ!" ರೂಪಾ ಚೀರಿದಳು. "ಖಣಾ ಕಾಯಿ ಹಿಡಕೊಂಡು ಯಾವ ಆಫೀಸಿನವರು ಬರ್ತಾರ?!"

ಮಕ್ತುಮಬಿಯ ಕೈ ಬಾಯಿಗೆ ಹೋಯಿತು. "ಯಾ ಅಲ್ಲಾ..."

ಬರ್ತೇನ್ರಿ! ಅವನು ಹೇಳಿದ್ದು ಹೋಗುವ ಮಾತಲ್ಲ, ಬರುವ ಮಾತು! ತಾಯಿಯನ್ನು ಕರೆದುಕೊಂಡು ಬಂದೇಬಿಟ್ಟಿದ್ದ. ಯಾರ ಬೇಕಾದ್ರೂ ತೋರಸ್ತಾರ ಎಂದು ಎದೆಯುಬ್ಬಿಸಿ ಹೇಳಿದ್ದಳಲ್ಲ... ಬೇಕೆಂದೇ ಸುಳ್ಳು ವಿಳಾಸ ಕೊಟ್ಟಳು ಅಂದುಕೊಂಡಿರಬೇಕು. ಫೋನು ಮಾಡಿದರೆ ಅದೂ ಬಂದ್!

ಬ್ಲಾಕ್ ತೆಗೆದು ಫೋನು ಹಚ್ಚಿದಳು. ಸ್ವಿಚ್ ಆಫ್. ಪಾರ್ಟಿಯ ಹೊತ್ತಿನಲ್ಲಿ ಡೆಕ್ಕಿನವರು ಮೊಬೈಲು ಇಟ್ಟುಕೊಳ್ಳುವಂತಿಲ್ಲ. ಗಂಟೆ ನಾಲ್ಕು ನಲವತ್ತು.

"ನಾಳೆ ಫೋನಿನಾಗ ಹೇಳು ಮಗಳ," ಎಂದಳು ಮಕ್ತುಮಬಿ, ಅಳುವ ದನಿಯಲ್ಲಿ.

"ಇಲ್ಲ ಖಾಲಾ. ನಮ್ಮ ಬಾಗಿಲಿಂದ ಒಬ್ಬಾಕಿ ತಾಯಿ ಖಣಾ ಹಿಡಕೊಂಡು ವಾಪಸ್ ಹೋಗ್ಯಾಳ. ಅಂಥವರನ್ನ ಫೋನಿನಾಗ ಕರೀತಾರೇನು? ಮುಂದ ನಿಂತು ಕರೀಬೇಕು. ಯಾಡಿ, ಏಳು!"

ಸ್ಕೂಟಿ ಸಡಾದ ಇಳಿಜಾರಿನಲ್ಲಿ ಹಾರಿತು. ಹಿಂದೆ ಹೇಮಿಬಾಯಿ ಮಗಳ ಸೊಂಟ ಹಿಡಿದು, ಬೀಚಿಗೆ ಹೋಗುವ ಅದೇ ಕನ್ನಡಿ ಲಂಗದಲ್ಲಿ ಕೂತಿದ್ದಳು.

ದಕ್ಕೆ ಮುಟ್ಟಿದಾಗ ಹಡಗಿನ ಮೆಟ್ಟಿಲನ್ನು ಎತ್ತಿಯಾಗಿತ್ತು. ಹಗ್ಗ ಬಿಚ್ಚುತ್ತಿದ್ದರು. ಮೇಲೆ ಕಟಾಂಜನದ ಉದ್ದಕ್ಕೂ ಬಿಳಿ ಬಟ್ಟೆಯ ಅತಿಥಿಗಳು, ಕೈಯಲ್ಲಿ ಗ್ಲಾಸು, ಕಿವಿ ಕಿತ್ತುಹೋಗುವಂಥ ಹಾಡು. ಆ ಬಿಳಿಯ ನಡುವೆ ಕೆಂಪು, ಹಳದಿ... ತೋರಣ! ಅವನು ಅದನ್ನು ತೆಗೆದಿರಲಿಲ್ಲ!

"ಓಂಕಾರ್!" ಕೂಗಿದಳು. ಹಾಡು ಅವಳ ದನಿಯನ್ನು ನುಂಗಿತು.

"ಗೆರಿ ದಾಟಬ್ಯಾಡವಾ!" ಪರಮೇಶಪ್ಪ ಅಡ್ಡ ಬಂದ. "ಮ್ಯಾಲೆ ಅತಿಥಿಗಳ ಪಾರ್ಟಿ ನಡದೈತಿ. ನಿಮ್ಮಂಥವರು ಇಲ್ಲಿ ನಿಂದರಬಾರದಂತ ಸಾಹೇಬ್ರ ಹುಕುಂ..."

"ಆ ಪಾರ್ಟಿ ಕಟ್ಟಿದಾಕಿ ನಾನು ಮಾಮಾ! ಗೆರಿ ದಾಟೂದಿಲ್ಲ. ಬಾಯಿ ಮಾತ್ರ ಮುಚ್ಚೂದಿಲ್ಲ!" ಎಂದವಳೇ ಅವನ ಕೈಯಲ್ಲಿದ್ದ ಕೈಮೈಕು ಕಸಿದುಕೊಂಡಳು.

"ಓಂಕಾರ್! ಬೆಳಗಾವಿ ಓಂಕಾರ್! ನಾ ಸುಳ್ಳು ಹೇಳಿಲ್ಲ! ಐತವಾರ ನೀವು ನಿಂತಿದ್ದು ನಮ್ಮ ಬಾಗಲಾಗನ! ನಮ್ಮ ಖಾಲಾ ನಿಮ್ಮನ್ನ ಮನಿ ಕೆಡವವರು ಅಂತ ತಿಳದ್ಲು!"

ಅತಿಥಿಗಳು ಬಗ್ಗಿ ನೋಡತೊಡಗಿದರು. ಯಾರೋ ನಕ್ಕರು, ಯಾರೋ ಮೊಬೈಲು ಎತ್ತಿದರು. ನೋಡಲಿ! ರೂಪಾ ತಲೆ ತಗ್ಗಿಸಲಿಲ್ಲ.

ಫಟ್ಟನೆ ಹಾಡು ನಿಂತಿತು. ತೋರಣದ ಕೆಳಗೆ ಓಂಕಾರ್ ಕಾಣಿಸಿಕೊಂಡ. ಗಡ್ಡ ಮತ್ತೆ ಚೂರು ಬೆಳೆದಿತ್ತು. ಪಾರ್ಟಿಯ ಮೈಕಿನಲ್ಲಿ, ಇಡೀ ಹಡಗಿಗೆ ಕೇಳುವಂತೆ ಅವನ ದನಿ ಒಡೆದು ಬಂತು.

"ಫೋನ್ ಯಾಕ ಬ್ಲಾಕ್ ಮಾಡಿದ್ರಿ ರೂಪಾ?"

"ನೀವು ಬರ್ತೇನ್ರಿ ಅಂದ್ರಲ್ಲ! ಹೋಗೂ ಬರ್ತೇನಿ ಅಂತ ತಿಳಕೊಂಡೆ!"

"ಹುಚ್ಚೀ..." ಎಂದ. ಅಳುತ್ತಿದ್ದನೋ ನಗುತ್ತಿದ್ದನೋ. "ಐತವಾರ ಅಂತನೂ ಒದರಿದ್ದೆ!"

"ಭೋಂಗಾ ಕೂಗ್ತಿತ್ತು!"

ಆಗ ಅವನ ಪಕ್ಕದಲ್ಲಿ ಇಳಕಲ್ ಸೀರೆಯೊಂದು ಬಂದು ನಿಂತಿತು. ರೂಪಾಳಿಗೆ ಕೊಡಬೇಕಿದ್ದ ಬಂಗಾರದ ಪಟ್ಟಿ ಆ ಕೈಯಲ್ಲಿತ್ತು. ಮಗನ ಮನಸ್ಸು ನೊಂದಿದೆಯೆಂದು ಅವನೊಂದಿಗೆ ಹಡಗು ಹತ್ತಿದ್ದ ತಾಯಿ, ಸುಹಾಸಿನಿಬಾಯಿ. ರೂಪಾ ಕೈಮೈಕನ್ನು ಹೇಮಿಬಾಯಿಯ ಕೈಗೆ ಕೊಟ್ಟಳು.

"ಅಕ್ಕಾರ, ತಪ್ಪಾತ್ರಿ," ಎಂದಳು ಹೇಮಿಬಾಯಿ. ಜೀವಮಾನವೆಲ್ಲ ಬೀಚಿನಲ್ಲಿ ಕೂಗಿ ಮಾರಿದ ದನಿ, ನಡುಗಲಿಲ್ಲ. "ನಮ್ಮನಿಗೆ ಬರ್ರಿ. ನಾ ಕರ್ಯಾಕ ಬಂದೇನಿ."

ಸುಹಾಸಿನಿಬಾಯಿ ಮಗನ ಕೈಯಿಂದ ಮೈಕು ತೆಗೆದುಕೊಂಡರು. "ಈ ಸಲಾ ಮನಿ ಅಲ್ಲಿ ಇರ್ತೈತೇನ್ರಿ?"

"ಇರ್ತೈತ್ರಿ!" ಹೇಮಿಬಾಯಿಯ ಕತ್ತು ನೆಟ್ಟಗಾಯಿತು. "ಬಾಯ್ನಾದಾಗ ಕೆಡವಿದ್ರು, ಸಡಾದಾಗ ಕಟ್ಟೇವಿ. ನಾಳೆ ಕೆಡವಿದ್ರ ನಾಡದ ಮತ್ತ ಕಟ್ತೇವಿ. ನೀವು ಬಂದಾಗ ಮನಿ ಇರ್ತೈತಿ!"

ಮೇಲಿನ ಮೈಕಿನಲ್ಲಿ ಮೂಗು ಒರೆಸಿಕೊಂಡ ಸದ್ದು. "ಖಣಾ ಇನ್ನೂ ನನ್ನ ಚೀಲದಾಗ ಐತ್ರಿ ಬೀಗತಿ," ಎಂದರು ಸುಹಾಸಿನಿಬಾಯಿ. "ಕುಂದಾ ಅಷ್ಟ ಈ ಮಗರಾಯಾ ಸಿಟ್ಟಿಲೆ ತಿಂದು ಮುಗಿಸ್ಯಾನ."

ಒಂದಕ್ಷರ ತಿಳಿಯದ ಅತಿಥಿಗಳೂ ಚಪ್ಪಾಳೆ ಹೊಡೆದರು!

ಕಡೆಯ ಹಗ್ಗ ಬಿತ್ತು. ಹಡಗಿಗೂ ದಕ್ಕೆಗೂ ನಡುವೆ ನೀರು ಅಗಲವಾಗತೊಡಗಿತು. ರೂಪಾ ಮೈಕನ್ನು ಮತ್ತೆ ಕಸಿದುಕೊಂಡಳು.

"ದುಬೈ?"

"ಸಹಿ ಹಾಕೂದಿಲ್ಲ!"

"ಓಂಕಾರ್..."

"ಬರ್ತೇನ್ರಿ, ರೂಪಾ!"

"ಯಾವ ಬರ್ತೇನಿ ಅದು?" ಅವಳು ಅಳುತ್ತಲೇ ಗದರಿದಳು. "ಬಿಡಿಸಿ ಹೇಳ್ರಿ!"

"ಬರೂ ಬರ್ತೇನಿ! ಐತವಾರ, ಹನ್ನೊಂದಕ್ಕ, ಅವ್ವನ ಜೋಡಿ! ಈ ಸಲಾ ಖಾಲಾಗ ಮೊದಲ ಹೇಳಿ ಇಡ್ರಿ!"

ರೂಪಾ ಕಣ್ಣು ಒರೆಸಿಕೊಂಡು ನಕ್ಕಳು.

"ಹೇಳಿ ಇಡ್ತೇನಿ. ನೀವು ಬರ್ರಿ."