ಪುಟ್ಟ ಕೋಟಿಗೆ ಕತ್ತರಿಸಿದ ಶಿಖರ

“ಬರೀರಿ. ಹೆಂಡತಿ ಹಟ ಹಿಡಿದಳು, ಅದಕ್ಕೇ ಅವನು ಬೆಟ್ಟ ಬಿಟ್ಟ. ಹಾಗೇ ಬರೀರಿ.”

ತೀರಿಕೊಂಡ ತಮ್ಮನ ಬಗ್ಗೆ ಅಕ್ಕ ಕಡ್ಡಿ ಮುರಿದಂತೆ ಹೇಳಿದಾಗ ಪತ್ರಾಗಾರದ ಅಧಿಕಾರಿಯ ಪೆನ್ನು ಕಾಗದದ ಮೇಲೆಯೇ ನಿಂತಿತು. ಅವರು ತಲೆಯೆತ್ತಿ, ಎದುರಿಗೇ ಕುಳಿತಿದ್ದ ಆ ಹೆಂಡತಿಯನ್ನು ನೋಡಿದರು. ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುವ ಆಕೆ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಮಡಿಲಲ್ಲಿದ್ದ ಬಟ್ಟೆಯ ದಾರ ಕೀಳುತ್ತಿದ್ದಳು.

ಟೈಲರಮ್ಮನ ಗಂಡ ಹೆಸರಾಂತ ಪರ್ವತಾರೋಹಿ. ತೀರಿಕೊಂಡು ವರ್ಷವಾಗಿತ್ತು. ಹಿಮದಲ್ಲೂ ಅಲ್ಲ, ಹಗ್ಗ ಜಾರಿಯೂ ಅಲ್ಲ. ಮನೆಯ ಮಂಚದ ಮೇಲೆ, ನಿದ್ದೆಯಲ್ಲಿ. ಅವನ ದಿನಚರಿ, ಫೋಟೊ, ನಕ್ಷೆಗಳನ್ನೆಲ್ಲ ಪತ್ರಾಗಾರಕ್ಕೆ ಕೊಡಲು ಮನೆಯವರು ಒಪ್ಪಿದ್ದರು. ಅಲ್ಲಿಯ ಪದ್ಧತಿಯೆಂದರೆ, ಪೆಟ್ಟಿಗೆ ಮುಚ್ಚುವ ಮೊದಲು ಮನೆಯವರ ಬಾಯಿಂದಲೇ ಒಂದು ಪುಟದ ಜೀವನ ವಿವರ ಬರೆಸಿಕೊಂಡು ಎಲ್ಲಕ್ಕಿಂತ ಮೇಲೆ ಇಡುವುದು. ಸಹಿ ಬಿದ್ದರೆ ಮುಗಿಯಿತು, ಮತ್ತೆ ಯಾರೂ ತಿದ್ದುವಂತಿಲ್ಲ. ಮೊಮ್ಮಕ್ಕಳ ಕಾಲದಲ್ಲಿ ಹುಡುಕಿಕೊಂಡು ಬರುವವರೂ ಮೊದಲು ಓದುವುದು ಆ ಪುಟವನ್ನೇ. ಅದರಲ್ಲಿ ಟೈಲರಮ್ಮನ ಬಗ್ಗೆ ಉಳಿಯಲಿದ್ದುದು ಈ ಒಂದೇ ಸಾಲು!

ಮಗಳಿಗೆ ತಡೆಯಲಾಗಲಿಲ್ಲ. ಏನಾದರೂ ಹೇಳಮ್ಮ ಎಂದು ಗೋಗರೆದಳು. ಗಂಡನ ಅಕ್ಕನ ಮಾತಿಗೆ ಉತ್ತರ ಕೊಡುವುದನ್ನು ಅಮ್ಮ ಎಂದೋ ಬಿಟ್ಟಿದ್ದಳು.

ಅಕ್ಕನನ್ನು ಕೆಟ್ಟವಳು ಎಂದುಬಿಡುವುದು ಸುಲಭ. ಆದರೆ ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಬೇಕರಿಯಲ್ಲಿ ಹಿಟ್ಟು ನಾದಿ ನಾದಿ ಮೊಣಕೈ ಹಾಳುಮಾಡಿಕೊಂಡು ಅವನಿಗೆ ಮೊದಲ ಬೂಟು ಕೊಡಿಸಿದವಳೂ ಅವಳೇ. ತಾನು ಮದುವೆಯಾಗಲಿಲ್ಲ, ಊರು ಬಿಟ್ಟು ಕದಲಲಿಲ್ಲ. ನೀನು ಆ ದೊಡ್ಡ ಶಿಖರದ ತುದಿಯಲ್ಲಿ ನಿಂತರೆ ನಾನೇ ನಿಂತ ಹಾಗೆ ಕಣೋ ಎನ್ನುತ್ತಿದ್ದಳು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬುದು ಅವಳಿಗೂ ಗೊತ್ತಿತ್ತು. ಆದರೆ ಆ ಗಾದೆ ಬೇರೆಯವರ ಬೆಟ್ಟಕ್ಕೆ! ಒಮ್ಮೆ ಹೋದ ತಮ್ಮ ತುದಿ ಮುಟ್ಟದೆ ಮರಳಿದ. ಮುಂದಿನ ವರ್ಷ ಎಂದ. ಮುಂದಿನ ವರ್ಷ ಮಗಳು ಹುಟ್ಟಿದಳು. ಇವಳು ಬಿಡುತ್ತಿಲ್ಲ ಅಕ್ಕಾ ಎಂದು ತಲೆ ತಗ್ಗಿಸಿದ. ಅಂದಿನಿಂದ ಅಕ್ಕನ ಪಾಲಿಗೆ ಟೈಲರಮ್ಮ ತಮ್ಮನ ಕಾಲಿಗೆ ಬಿದ್ದ ಸರಪಳಿ. ಅವಳು ಕೊಟ್ಟ ನೀರಲ್ಲೂ ಕಸ ಕಾಣುತ್ತಿತ್ತು.

ಅಧಿಕಾರಿ ಜೋರಾಗಿ ಸೀನಿದರು. ಪಾಪ, ಹಳೆಯ ಕಾಗದವೇ ಅವರ ಅನ್ನ, ಹಳೆಯ ಕಾಗದದ ದೂಳೇ ಅವರ ಶತ್ರು. ಮಾತು ಬದಲಿಸಲೆಂದು ನಕ್ಷೆಗಳ ಕಟ್ಟು ಬಿಚ್ಚಿದರೆ, ಎಲ್ಲ ಶಿಖರಗಳದ್ದೂ ಇತ್ತು, ಆ ದೊಡ್ಡ ಶಿಖರದ್ದು ಮಾತ್ರ ಇರಲಿಲ್ಲ. ಅದೆಲ್ಲಿ ಎಂದು ಕೇಳಿದರು. ಇನ್ನೆಲ್ಲಿ, ಒಲೆಗೆ ಹಾಕಿರುತ್ತಾಳೆ ಎಂದಳು ಅಕ್ಕ.

ಮಗಳು ದಡಕ್ಕನೆ ಎದ್ದಳು. ಎರಡೆರಡು ಪ್ರತಿ ಇದ್ದ ನಕ್ಷೆಗಳಲ್ಲಿ ಒಂದರ ಹಿಂಬದಿಯಲ್ಲಿ ಬಟ್ಟೆಯ ಅಳತೆ ಬರೆದು ಕತ್ತರಿಸುವುದು ಆ ಮನೆಯ ರೂಢಿ. ದಪ್ಪ ಕಾಗದ, ಬೇಗ ಹರಿಯುವುದಿಲ್ಲ. ಆ ದೊಡ್ಡ ಶಿಖರದ್ದೂ ಹಾಗೆ ಕತ್ತರಿಸಿದ ಪ್ರತಿಯೇ ಎಂದುಕೊಂಡ ಮಗಳು, ಒಲೆಗೆ ಹಾಕಿಲ್ಲವೆಂದು ತೋರಿಸಲು ಯಂತ್ರದ ಹಿಂದಿನ ಮೊಳೆಯಿಂದ ತನ್ನ ಮೊದಲ ಕೋಟಿನ ಅಳತೆ ಕಾಗದಗಳನ್ನು ತಂದಳು. ಟೈಲರಮ್ಮ ಬೇಡ ಎನ್ನುವಷ್ಟರಲ್ಲಿ ತುಂಡುಗಳು ಮೇಜಿನ ಮೇಲೆ ಹರಡಿದ್ದವು. ಬೆನ್ನು, ಎದೆಯ ಎರಡು ಭಾಗ, ಎರಡು ಪುಟ್ಟ ತೋಳು. ಮಗುಚಿ ಜೋಡಿಸಿದರೆ ಶಿಖರ! ಪೆನ್ಸಿಲಿನಲ್ಲಿ ಎಳೆದ ದಾರಿ ಬೆನ್ನಿನ ಮೇಲಿಂದ ಹತ್ತಿ ತೋಳಿನ ಹತ್ತಿರ ನಿಂತುಹೋಗಿತ್ತು.

“ಅವನ ಶಿಖರಾನ ಕತ್ತರಿಸಿ ಕೋಟು ಹೊಲಿದ್ಯಾ?” ಅಕ್ಕ ಮೇಜಿನತ್ತ ಬಾಗಿದಳು. “ಯಾರು ಕತ್ತರಿ ಹಾಕಿದ್ದು?”

“ನಾನೇ ಅಕ್ಕಾ,” ಎಂದಳು ಟೈಲರಮ್ಮ.

ಅಕ್ಕ ತೋಳಿನ ತುಂಡನ್ನು ಕಸಿದುಕೊಂಡಳು. ಎಸೆಯುವವಳಿದ್ದಳೋ ಏನೋ... ಅಂಚಿಗೆ ಹೆಬ್ಬೆರಳು ತಾಗಿದ್ದೇ ತಡ, ತುಂಡನ್ನು ಕಣ್ಣಿನ ಹತ್ತಿರ ಹಿಡಿದಳು. ಇನ್ನೊಂದು ತುಂಡಿನ ಅಂಚನ್ನೂ ಸವರಿದಳು. ಟೈಲರಮ್ಮನ ಕತ್ತರಿ ಎಂದರೆ ಒಂದೇ ಓಟ. ಈ ಅಂಚುಗಳೋ, ಇಲಿ ಕಡಿದ ಹಾಗೆ ಚೂರುಚೂರೇ ಕಚ್ಚಿದ್ದವು. ಶಾಲೆಯ ಪುಸ್ತಕಗಳಿಗೆ ಬೈಂಡ್ ಹಾಕಲು ಕೂತಾಗ ತಮ್ಮ ನಾಲಿಗೆ ಹೊರಗೆ ಚಾಚಿಕೊಂಡು ಹೀಗೇ ಕತ್ತರಿಸುತ್ತಿದ್ದ. ಎಷ್ಟು ಬೈದರೂ ಅಷ್ಟೇ, ಕತ್ತರಿಯನ್ನು ಪೂರ್ತಿ ತೆರೆಯಲು ಅವನಿಗೆ ಹೆದರಿಕೆ.

“ಇದು ನಿನ್ನ ಕೈ ಅಲ್ಲ,” ಎಂದಳು ಅಕ್ಕ ಮೆಲ್ಲಗೆ. “ನನ್ನ ಮಗೂದು ಇದು.”

ಟೈಲರಮ್ಮನ ಕಣ್ಣು ತುಂಬಿ ಬಂತು. ಇನ್ನು ಮುಚ್ಚಿಟ್ಟು ಫಲವಿರಲಿಲ್ಲ.

“ಅವರಿಗೆ ಭಯ ಆಗಿತ್ತು ಅಕ್ಕಾ, ಆ ಸಲ ಹೋದಾಗಲೇ. ನಿಮಗೆ ಹೇಳೋಕೆ ಅದಕ್ಕಿಂತ ಭಯ ಆಗಿತ್ತು.”

ಮಗಳು ಹುಟ್ಟಿದ ಹೊಸತರಲ್ಲಿ ಅವನೇ ಆ ನಕ್ಷೆ ತಂದು, ಇದರ ಮೇಲೆ ಕೋಟಿನ ಅಳತೆ ಬರೆ ಎಂದನಂತೆ. ತಾನೇ ಕೂತು ಕತ್ತರಿಸಿದನಂತೆ. ಇನ್ನು ಹೋಗಬೇಕೆಂದರೂ ದಾರಿಯಿಲ್ಲ ಎಂದು ನಕ್ಕವನು ಆಮೇಲೆ ಬಿಕ್ಕಿ ಬಿಕ್ಕಿ ಅತ್ತನಂತೆ. ಅಕ್ಕನ ಮುಂದೆ ನಿನ್ನ ಹೆಸರು ಹೇಳುತ್ತೇನೆ, ಹೊಟ್ಟೆಗೆ ಹಾಕಿಕೋ ಎಂದು ಕೈಹಿಡಿದು ಬೇಡಿದನಂತೆ. ಟೈಲರಮ್ಮ ಹೊಟ್ಟೆಗೆ ಹಾಕಿಕೊಂಡಳು. ಅಯ್ಯೋ, ಒಂದು ಹೊಟ್ಟೆ ಎಷ್ಟನ್ನು ತಾನೇ ಹಿಡಿದೀತು!

“ನನ್ನ ಹತ್ರ ಹೇಳೋಕೆ ಭಯವಾ... ನಾನು ಎತ್ತಿ ಆಡಿಸಿದ ಮಗು...” ಅಕ್ಕ ಆ ಪುಟ್ಟ ತೋಳನ್ನು ಕೆನ್ನೆಗೊತ್ತಿಕೊಂಡು ಅತ್ತಳು. ಯಾರೂ ಸಮಾಧಾನ ಹೇಳಲಿಲ್ಲ. ಅಳಬೇಕಾದ ಅಳು ಅದು.

ಕೊನೆಗೆ ಅಧಿಕಾರಿ, ಹಾಗಾದರೆ ಏನೆಂದು ಬರೆಯಲಿ ಎಂದು ಕೇಳಿದರು. ಮೊದಲು ಹೇಳಿದ್ದೇ ಇರಲಿ ಎಂದಳು ಟೈಲರಮ್ಮ. ಅವರು ಹೆದರಿದರು ಎಂದು ಲೋಕ ಓದುವುದು ಬೇಡ, ನನಗೆ ಅಭ್ಯಾಸವಾಗಿದೆ ಎಂದಳು.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

“ಅದು ಬೇಡ. ಹೀಗೆ ಬರೀರಿ. ಅಕ್ಕ ಸಾಕು ಅಂದಳು, ಅದಕ್ಕೇ ಬಿಟ್ಟ.”

“ಅದು ಸುಳ್ಳಲ್ವಾ ಅಕ್ಕಾ?”

“ಸುಳ್ಳೇ. ಆದ್ರೆ ಅವತ್ತು ನಾನು ಆಡಬೇಕಾಗಿದ್ದ ಮಾತು ಅದು.”

ಅಧಿಕಾರಿ ಇಬ್ಬರ ಮುಖವನ್ನೂ ನೋಡಿದರು. ಮನೆಯವರು ಹೇಳಿದ್ದನ್ನು ಬರೆಯುವುದಷ್ಟೇ ಅವರ ಕೆಲಸ, ಬರೆದರು. ಅಕ್ಕ ಸಹಿ ಹಾಕಿ, ಪಕ್ಕದ ಕುರ್ಚಿ ಎಳೆದು, ಬಾ ಕೂತ್ಕೋ ಎಂದು ಟೈಲರಮ್ಮನ ಕೈಗೆ ಪೆನ್ನು ಕೊಟ್ಟಳು.