ಪೋಸ್ಟರಿನ ಶ್ರೀಕಾರ

ಅಕ್ಷರರೂಪಿಣಿಯಾದ ಶಾರದೆಗೆ ವಂದಿಸಿ, ಕಂಡದ್ದನ್ನಷ್ಟೇ ಹೇಳುತ್ತೇನೆ.

ಕೊಪ್ಪದ ಕಾಲೇಜಿನ ಅರ್ಪಣಾ ತನ್ನ ಕಿರುಚಿತ್ರದ ಪೋಸ್ಟರಿಗೆ ಶೀರ್ಷಿಕೆಯನ್ನು ಕೈಬರಹದಲ್ಲಿ ಬರೆಸಿಕೊಳ್ಳಲು ನೆಮ್ಮಾರಿನ ನನ್ನ ಮನೆಗೆ ಬಂದಿದ್ದಳು. ಶ್ರೀಕಾರವಿಲ್ಲದೆ ನಾನು ಏನನ್ನೂ ಬರೆದವನಲ್ಲ. ಕುಂಕುಮ ಕಲಸಿ ಹಾಳೆಯ ನೆತ್ತಿಯಲ್ಲಿ ಅದನ್ನು ಬರೆದುಕೊಡುತ್ತಿದ್ದವಳು ನನ್ನ ಪತ್ನಿ ಭಾಗೀರಥಿ. ಆಕೆ ತೀರಿಕೊಂಡು ಒಂಬತ್ತು ವರ್ಷ. ಅಂದಿನಿಂದ ನಾನೇ ಬರೆದುಕೊಳ್ಳುತ್ತಿದ್ದೆ.

“ಶ್ರೀ ಬೇಡ ಮೇಷ್ಟ್ರೇ, ಲಗ್ನಪತ್ರಿಕೆ ಅಂದ್ಕೊಂಡು ಜನ ಊಟಕ್ಕೆ ಬಂದ್ಬಿಡ್ತಾರೆ!” ಎಂದು ಹುಡುಗಿ ನಕ್ಕಳು.

ಮೊದಲ ಬಾರಿಗೆ ಅದನ್ನು ಬಿಟ್ಟು ಬರೆದೆ. ಸುಡುವ ನಡುಹಗಲಿನಲ್ಲಿ ಹಾಳೆಯ ನೆತ್ತಿ ಮಾತ್ರ ಕೈಗೆ ತಣ್ಣಗಿತ್ತು. ಕಲಸಿದ ಕುಂಕುಮದ ವಾಸನೆ ಬಂತು.

ಅರ್ಪಣಾ ಹಾಳೆಯ ಫೋಟೋ ತೆಗೆದು ಲ್ಯಾಪ್‌ಟಾಪಿನಲ್ಲಿ ತೆರೆದಳು. “ಎಂತ ಮೇಷ್ಟ್ರೇ, ಬರ್ದೇ ಬಿಟ್ರಲ್ಲ!”

ಪರದೆಯ ಮೇಲೆ ಕೆಂಪು ಶ್ರೀಕಾರವಿತ್ತು. ಅದರ ಕೆಳಗೆ ಭಾಗೀರಥಿ ತಪ್ಪದೆ ಇಡುತ್ತಿದ್ದ ಪುಟ್ಟ ಚುಕ್ಕೆಯೂ ಇತ್ತು. ಹಾಳೆಯಲ್ಲಿ ಅದಾವುದೂ ಇರಲಿಲ್ಲ.

ಬರಿದಾದ ಹಾಳೆಯನ್ನು ನೋಡಿದ ಅರ್ಪಣಾ, “ಅಳಿಸ್ಲಾ?” ಎಂದು ಮೆಲ್ಲಗೆ ಕೇಳಿದಳು.

“ಇರಲಿ ಮಗಾ” ಎಂದೆ.

ಪೋಸ್ಟರು ಹಾಗೆಯೇ ಅಚ್ಚಾಯಿತು. ಅಂದಿನಿಂದ ದಿನವೂ ಶ್ರೀಕಾರ ಬಿಟ್ಟೇ ಬರೆಯಲು ಕೂರುತ್ತೇನೆ. ಹಾಳೆ ಮತ್ತೆ ತಣ್ಣಗಾಗಿಲ್ಲ.

ಇದನ್ನು ಕೇಳಿದವರೆಲ್ಲರ ಮನೆಯಲ್ಲಿ ಮೊದಲ ಅಕ್ಷರ ಬರೆದುಕೊಡುವವರು ಬಹುಕಾಲ ಬಾಳಲಿ.